ಚಿಲುಮಿಯ ಬಿಳಿ ಹರಳು

ಜ್ವರ ಕೇಳುವುದೇ ನನ್ನ ನೌಕರಿಯಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕುಗಳಲ್ಲಿ ಸರಕಾರ ನನ್ನನ್ನು ಎತ್ತಿ ಎತ್ತಿ ಇಟ್ಟಿತು. ಎಲ್ಲಿಟ್ಟರೂ ಕೆಲಸ ಒಂದೇ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೆ ಹೋಗಿ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಬೇಕು. ಬಂದಿದ್ದರೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು, ನಾಲ್ಕು ಕಹಿ ಗುಳಿಗೆಗಳನ್ನು ನನ್ನ ಕಣ್ಣೆದುರಿಗೇ ನುಂಗಿಸಬೇಕು. ಆಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಚೌಕದೊಳಗೆ ತಾರೀಖು ಹಾಕಿ, ಸಹಿ ಮಾಡಿ, ಮುಂದಿನ ಮನೆಗೆ ನಡೆಯಬೇಕು.

ಹೋಗಿಬಿಟ್ಟಿತು ಎಂದುಕೊಂಡಿದ್ದ ಮಲೇರಿಯಾ ಎಪ್ಪತ್ತರ ದಶಕದ ನಡುವೆ ಮತ್ತೆ ಬಂದಿತ್ತು. ಅದರ ಜೊತೆಗೆ ನಾನೂ ಬಂದೆ. ಊರವರಿಗೆ ನಾವಿಬ್ಬರೂ ಒಂದೇ. ನನ್ನ ಸೈಕಲ್ಲು ಊರಬಾಗಿಲ ಅಗಸಿ ದಾಟುತ್ತಿದ್ದಂತೆ ಹೆಂಗಸರು ಜ್ವರದ ಮಕ್ಕಳನ್ನು ಒಳಗೆ ಎಳೆದುಕೊಂಡು, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಎಂದು ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದರು. ಒಳಗಿನಿಂದ ನರಳುವ ಸದ್ದು ಕೇಳುತ್ತಿತ್ತು. ನಾನು ಕೇಳಿಯೂ ಕೇಳದಂತೆ ಎಷ್ಟೋ ಸಲ ತಾರೀಖು ಹಾಕಿ ಹೋಗಿದ್ದೇನೆ. ಇದನ್ನು ಈಗ ಬರೆಯಲು ನಾಚಿಕೆಯೇನೂ ಇಲ್ಲ. ದಿನಕ್ಕೆ ನೂರು ಬಾಗಿಲು ತಟ್ಟಿ ನೋಡಿದವನು ಬೇಕಾದರೆ ನನ್ನನ್ನು ಬೈಯಲಿ.

ಇಂಡಿಯಲ್ಲಿ ಕೆಲಸಕ್ಕಿದ್ದಾಗ ಲಚ್ಯಾಣದ ಆಚೆಗಿನ ನಮ್ಮೂರು ನನ್ನ ಪಾಲಿಗೇ ಬಂದಿತ್ತು. ಅಂದರೆ ನಮ್ಮ ಮನೆಯ ಗೋಡೆಗೆ ನಾನೇ ಚೌಕ ಹಾಕಿದ್ದೆ. ಹದಿನೈದು ದಿನಕ್ಕೊಮ್ಮೆ ಸರಕಾರಿ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿ ನನ್ನ ಅಪ್ಪನಿಗೇ ಜ್ವರ ಬಂದಿದೆಯೇ ಎಂದು ಕೇಳುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದ. "ಬರ್ರಿ ಸಾಹೇಬ್ರ" ಎಂದು ನನ್ನನ್ನು ಅಣಕಿಸುತ್ತಿದ್ದ.

ನಮ್ಮದು ಕುರಿ ಸಾಕುವ ಮನೆ. ದೀಪಾವಳಿ ಮುಗಿದ ಮೇಲೆ ನಮ್ಮ ಹಿಂಡು ಕೃಷ್ಣೆಯ ಕಡೆಗೆ, ನಿಡಗುಂದಿಯ ಸುತ್ತಿನ ಎರೆಹೊಲಗಳಿಗೆ ಹೋಗುತ್ತಿತ್ತು. ರೈತರ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರ ಬಿದ್ದ ಮೇಲೆ ಮುಂದಿನ ಹೊಲ. ಹೀಗೆ ನಾಲ್ಕು ತಿಂಗಳು ನಡೆದು ಯುಗಾದಿಯ ಹೊತ್ತಿಗೆ ತಿರುಗಿ ಬರುವುದು. ಅಪ್ಪ ತಿಳಿವಳಿಕೆ ಬಂದಾಗಿನಿಂದ ಆ ದಾರಿ ತಪ್ಪಿಸಿದವನಲ್ಲ. ಯಾವ ಹಳ್ಳದಲ್ಲಿ ಯಾವ ತಿಂಗಳು ನೀರಿರುತ್ತದೆ, ಯಾವ ಗೌಡನ ಹೊಲದಲ್ಲಿ ನಾಯಿ ಕಚ್ಚುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಹಿಂಡನ್ನು ಅಣ್ಣ ನೋಡಿಕೊಳ್ಳುತ್ತಿದ್ದರೂ ಮುಂದೆ ನಡೆಯುವವನು ಅಪ್ಪನೇ. ನಾನು ಮಾತ್ರ ಸಾಲಿ ಕಲಿತು ಜ್ವರದ ಹಿಂದೆ ಹೋದೆ.

ಅಪ್ಪನ ಒಂದೇ ಚಟ ಚಿಲುಮಿ. ಗೇಣುದ್ದದ ಮಣ್ಣಿನ ಕೊಳವೆ. ಮೇಲಿನ ಬಾಯಿಗೆ ತಂಬಾಕು, ಅದರ ಮೇಲೆ ಕೆಂಡ. ಕೆಳಗಿನ ತುದಿಗೆ ಒದ್ದೆ ಅರಿವೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು ಎಳೆಯಬೇಕು. ತಂಬಾಕು ಬಾಯಿಗೆ ಬರಬಾರದೆಂದು ಒಳಗೆ ಒಂದು ಸಣ್ಣ ಹರಳು ಇಡುತ್ತಾರೆ. ಹರಳು ದೊಡ್ಡದಾದರೆ ಹೊಗೆ ಬರುವುದಿಲ್ಲ, ಸಣ್ಣದಾದರೆ ಕೆಂಡವೇ ಗಂಟಲಿಗೆ ಬರುತ್ತದೆ. ಅಳತೆಗೆ ಸರಿಯಾದ ಹರಳನ್ನು ಹಳ್ಳದಲ್ಲಿ ಹುಡುಕುವುದು ಕುರಿ ಕಾಯುವವರ ದೊಡ್ಡ ಉದ್ಯೋಗ. ಚಿಲುಮಿ ಜಾಡಿಸುವಾಗ ಅದು ಬಿದ್ದು ಕಳೆದುಹೋಗುವುದೂ ಅಷ್ಟೇ ಗ್ಯಾರಂಟಿ. ಆಗ ಅಪ್ಪ ಮಣ್ಣಿನಲ್ಲಿ ಮೊಣಕಾಲೂರಿ ಕೈಯಾಡಿಸುತ್ತಿದ್ದ. ಕಣ್ಣು ಮಂಜಾಗಿತ್ತು. ಅದನ್ನು ನೋಡಿ ನನಗೆ ಕಸಿವಿಸಿಯಾಗುತ್ತಿತ್ತು.

ಇಂಡಿಯಲ್ಲಿ ನನಗೆ ಪರಿಚಯವಿದ್ದ ಒಬ್ಬ ಲೇತ್ ಮಿಸ್ತ್ರಿ ಇದ್ದ. ಪಂಪುಗಳಿಗೆ, ಎಣ್ಣೆ ಗಿರಣಿಗಳಿಗೆ ಬುಶ್ಶು, ವಾಶರ್ರು ಕೊರೆದು ಕೊಡುವವನು. ಬಿಸಿಲೇರಿದ ಮೇಲೆ ಸೈಕಲ್ಲು ನಿಲ್ಲಿಸಿ ಅವನ ಅಂಗಡಿಯಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತು ನೀರು ಕುಡಿಯುವುದು ನನ್ನ ರೂಢಿ. ಆ ವರ್ಷ ಅವನು ಸೊಲ್ಲಾಪುರದ ಗುಜರಿಯಿಂದ ಹೊಸ ಮಾಲು ತಂದಿದ್ದ. ಬೆಳ್ಳಗಿನ ಪ್ಲಾಸ್ಟಿಕ್ಕಿನಂಥ ಸರಳುಗಳು, ಮುಟ್ಟಿದರೆ ಮೇಣ ಸವರಿದಂತೆ ಜಾರುತ್ತಿದ್ದವು. ಎಣ್ಣೆಗೆ ಜಗ್ಗುವುದಿಲ್ಲ, ಆ್ಯಸಿಡ್ಡಿಗೆ ಕರಗುವುದಿಲ್ಲ, ಬೆಂಕಿ ಕಡ್ಡಿ ಹಿಡಿದರೂ ಹತ್ತಿಕೊಳ್ಳುವುದಿಲ್ಲ ಎಂದು ಮಿಸ್ತ್ರಿ ಕಡ್ಡಿ ಗೀರಿ ತೋರಿಸಿದ. ಲೇತಿನಿಂದ ಅದರ ಸಿಪ್ಪೆ ಹಿಂಜಿದ ಅರಳೆಯ ಹಾಗೆ ಬಂದು ಅವನ ತೋಳಿಗೆ, ಅಂಗಿಯ ಕಿಸೆಗೆ, ಕಿಸೆಯ ಬೀಡಿಗೆ ಅಂಟಿಕೊಳ್ಳುತ್ತಿತ್ತು.

ಬೆಂಕಿಗೆ ಹತ್ತುವುದಿಲ್ಲ ಎಂದು ಕೇಳಿದ ಕೂಡಲೇ ನನ್ನ ತಲೆ ಓಡಿತು. ಓಡಬಾರದಿತ್ತು. ಅಪ್ಪನ ಚಿಲುಮಿಗೆ ಒಂದು ಹರಳು ಮಾಡಿಕೊಡು ಎಂದೆ. ಮಿಸ್ತ್ರಿಗೂ ಅದು ಖುಷಿಯ ಕೆಲಸ. ಗಾತ್ರ ಕೇಳಿ, ಮೊಳೆಯಂತೆ ಕೆಳಗೆ ಸಣ್ಣದು ಮೇಲೆ ದಪ್ಪ ಮಾಡಿ, ಹೊಗೆ ಹೋಗಲೆಂದು ಸುತ್ತಲೂ ಗೀರು ಕೊರೆದು, ಜಾಡಿಸಿದರೂ ಬೀಳದಂಥ ಹರಳು ಮಾಡಿದ. ನೌಕರಿ ಸೇರಿ ಎರಡು ವರ್ಷವಾದರೂ ಅಪ್ಪನಿಗೆಂದು ನಾನು ಒಂದು ಟವೆಲ್ಲೂ ಒಯ್ದಿರಲಿಲ್ಲ. ಅವತ್ತು ಅದನ್ನು ಗುಳಿಗೆಯ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ.

ಅಪ್ಪ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ತಿರುವಿ ನೋಡಿದ. "ಹಾಲಹಲ್ಲಿನಂಗ ಐತಲ್ಲೋ" ಎಂದ. ಚಿಲುಮಿಗೆ ಹಾಕಿ ಜಾಡಿಸಿದ, ಬೀಳಲಿಲ್ಲ. ಕಟ್ಟೆಗೆ ಬಂದವರಿಗೆಲ್ಲ ತೋರಿಸಿದ. ಸರಕಾರದ ಹರಳು ಎಂದು ಅದಕ್ಕೆ ಹೆಸರೂ ಇಟ್ಟ. ಅವನ ಚಿಲುಮಿಗೆ ಪಾಲುದಾರರಾದ ಇಬ್ಬರು ಮುದುಕರು ದಿನಾ ಊಟದ ಮೇಲೆ ಬಂದು ಕೂಡುತ್ತಿದ್ದರು. ಅವರೂ ಅವತ್ತು ಒಂದೊಂದು ದಮ್ಮು ಹೆಚ್ಚೇ ಎಳೆದರು.

ಮುಂದಿನ ಸುತ್ತಿಗೆ ಹೋದಾಗ ಮೂವರಿಗೂ ಜ್ವರ ಬಂದು ಹೋಗಿತ್ತು. ಮಧ್ಯಾಹ್ನ ಚೆನ್ನಾಗಿಯೇ ಇದ್ದವರಿಗೆ ದೀಪ ಹಚ್ಚುವ ಹೊತ್ತಿಗೆ ಎದೆ ಬಿಗಿದು, ಒಣ ಕೆಮ್ಮು ಹತ್ತಿ, ಹಲ್ಲು ಕಟಕಟ ಎನ್ನುವಂಥ ಚಳಿ. ಒಂದು ದಿನ ಮೈಯೆಲ್ಲ ನೋವು, ಮರುದಿನ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿದ್ದರು. ನನಗೆ ಬೇರೆ ಏನೂ ಹೊಳೆಯುವ ಪ್ರಶ್ನೆಯೇ ಇರಲಿಲ್ಲ. ಚಳಿ ಬಂದು ಜ್ವರ ಬಂದರೆ ಅದು ಮಲೇರಿಯಾ ಎಂದು ನನಗೆ ಕಲಿಸಿದ್ದರು. ಮೂವರ ಬೆರಳೂ ಚುಚ್ಚಿದೆ. ನಾಲ್ಕು ನಾಲ್ಕು ಗುಳಿಗೆ ನುಂಗಿಸಿದೆ.

ಮೂರು ವಾರಕ್ಕೆ ಫಲಿತಾಂಶ ಬಂತು. ಮೂರೂ ಪಟ್ಟಿಗಳಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಅಪ್ಪನಿಗೆ ಮತ್ತೆರಡು ಸಲ ಬಂದು ಹೋಗಿತ್ತು. ಮತ್ತೆ ಚುಚ್ಚಿದೆ, ಮತ್ತೆ ನುಂಗಿಸಿದೆ, ಮತ್ತೆ ಏನೂ ಇಲ್ಲ. ಗುಳಿಗೆಯಿಂದ ಅಪ್ಪನಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು, ಮೈಯೆಲ್ಲ ತುರಿಕೆ. ಆ ಇಬ್ಬರು ಮುದುಕರು ಬುದ್ಧಿವಂತರು. ಕಟ್ಟೆಗೆ ಬರುವುದನ್ನು ಬಿಟ್ಟು ತಮ್ಮ ತಮ್ಮ ಮನೆಯಲ್ಲೇ ಸೇದತೊಡಗಿದರು. ಅವರ ಜ್ವರ ನಿಂತಿತು. ನನ್ನ ಗುಳಿಗೆಯಿಂದ ನಿಂತಿತೆಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ನನ್ನನ್ನು ನೋಡಿಯಂತೂ ಹುಟ್ಟಬಹುದಿತ್ತು.

ಇನ್ನೊಂದು ಸಂಗತಿ ಕಣ್ಣ ಮುಂದೆಯೇ ಇತ್ತು. ಹರಳು ಸವೆಯುತ್ತಿತ್ತು. ಒಂದು ತಿಂಗಳಿಗೆ ಬೂದು ಬಣ್ಣಕ್ಕೆ ತಿರುಗಿ, ಬಳಸಿದ ಸಾಬೂನಿನ ಚೂರಿನಂತೆ ಚಿಕ್ಕದಾಯಿತು. ಕಲ್ಲಿನ ಹರಳು ಯಾವತ್ತೂ ಸವೆದದ್ದಿಲ್ಲ. ಇದು ಎಲ್ಲಿಗೆ ಹೋಯಿತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮಿಸ್ತ್ರಿಯಿಂದ ಇನ್ನೊಂದು ಮಾಡಿಸಿ ಕೊಟ್ಟೆ. ಅದೂ ಸವೆದ ಮೇಲೆ ಮತ್ತೊಂದು. ಊರೆಲ್ಲ ಜ್ವರ ಹುಡುಕುವವನು ನಾನು. ಅದನ್ನು ಗುಳಿಗೆಯ ಡಬ್ಬಿಯಲ್ಲಿ ಹಾಕಿ ಮನೆಗೆ ಒಯ್ದು ಕೊಡುತ್ತಿದ್ದವನೂ ನಾನೇ.

ಹೀಗೆ ದೀಪಾವಳಿ ಬಂತು. ಹಿಂಡು ಹೊರಡಬೇಕು. ಅಪ್ಪ ಮಳೆಗಾಲವಿಡೀ ಅದನ್ನೇ ಎದುರು ನೋಡುತ್ತಿದ್ದ. ಕಾಲಿಗೆ ಹೊಸ ಕೆರ ಮಾಡಿಸಿದ್ದ, ಕಂಬಳಿಯ ಅಂಚು ಹೊಲಿಸಿದ್ದ. ಇದೊಂದು ಸಲ ಹೋಗಿ ಬಂದುಬಿಡುತ್ತೇನೆ, ಆಮೇಲೆ ಕಟ್ಟೆ ಬಿಟ್ಟು ಏಳುವುದಿಲ್ಲ ಎಂದು ಅವ್ವನ ಹತ್ತಿರ ಹೇಳುತ್ತಿದ್ದನಂತೆ. ಹಿಂದಿನ ವರ್ಷ ಕೃಷ್ಣೆಯ ದಂಡೆಯಲ್ಲಿ ಒಬ್ಬ ಹಳೆಯ ಗೆಳೆಯನಿಗೆ ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದನೆಂದೂ ಅವ್ವ ಹೇಳಿದಳು. ಅವನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಯಾತ್ರೆ, ಪೇಟೆ, ಮೊಮ್ಮಕ್ಕಳ ಲಗ್ನ, ಯಾವುದನ್ನೂ ಅವನು ಬಾಯಿ ಬಿಟ್ಟು ಕೇಳಿದವನಲ್ಲ.

ಹೊರಡುವ ಮುಂಚಿನ ವಾರ ಮೂರನೆಯ ಹರಳು ಕೊಟ್ಟಿದ್ದೆ. ಮರುದಿನವೇ ಜ್ವರ ಜೋರಾಗಿ ಬಂತು. ಅಣ್ಣ ಇಂಡಿಗೆ ಬಂದು ನನ್ನನ್ನು ಕರೆದೊಯ್ದ. ಕಟ್ಟೆಯ ಮೇಲೆ ಅಪ್ಪನ ಎದುರಿಗೇ ಕೇಳಿದ. "ಜ್ವರದಾಂವ ನೀ ಅದಿ. ನೀ ಹೇಳು ತಮ್ಮಾ. ಅಪ್ಪನ ಕರಕೊಂಡು ಹೋಗ್ಲ್ಯೋ ಬ್ಯಾಡೋ?"

ಅಪ್ಪ ನನ್ನ ಮುಖ ನೋಡಲಿಲ್ಲ, ಚಿಲುಮಿ ನೋಡುತ್ತಿದ್ದ. ನಾನು ಚೀಲ ತೆಗೆದು, ಪುಸ್ತಕ ತೆಗೆದು, ಆರು ಸಲ ಜ್ವರ ಬಂದದ್ದನ್ನು ಬೆರಳಿಟ್ಟು ಎಣಿಸಿದೆ. ಅಡವಿಯಲ್ಲಿ ಹೆಚ್ಚುಕಡಿಮೆಯಾದರೆ ಯಾರು ನೋಡುವವರು ಎಂದೆ. ಬೇಡ ಎಂದುಬಿಟ್ಟೆ. ಆ ಹೊತ್ತಿಗೆ ನನ್ನ ಅಧಿಕಾರದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಮನೆಯವರು ನನ್ನ ಮಾತಿಗೆ ಬೆಲೆ ಕೊಟ್ಟದ್ದು ಅದೇ ಮೊದಲು.

ಹಿಂಡು ಹೋಯಿತು. ಅಪ್ಪ ಹೊಸ ಕೆರ ಮೆಟ್ಟಿಕೊಂಡು ಊರ ಹೊರಗಿನ ಹಳ್ಳದವರೆಗೆ ಕಳಿಸಲು ಹೋಗಿ ಬಂದು, ಅದನ್ನು ಬಿಚ್ಚಿ ಮೊಳೆಗೆ ನೇತು ಹಾಕಿದ.

ಸತ್ಯ ಗೊತ್ತಾದದ್ದು ಅದಾಗಿ ಒಂದು ತಿಂಗಳಿಗೆ. ಅದೂ ನನ್ನ ಜಾಣತನದಿಂದಲ್ಲ, ದಣಿವಿನಿಂದ. ಅವತ್ತು ಬಿಸಿಲಲ್ಲಿ ನಾಲ್ಕು ಹಳ್ಳಿ ತಿರುಗಿ ಬಂದು ಮಿಸ್ತ್ರಿಯ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಕೂಡಲೂ ತ್ರಾಣವಿಲ್ಲದೆ ನೆಲದ ಮೇಲೆ ಕೂತು ಪೆಟ್ಟಿಗೆಗೆ ತಲೆ ಆನಿಸಿದೆ. ಮಿಸ್ತ್ರಿಯೂ ಅವತ್ತು ಕಂಬಳಿ ಹೊದ್ದುಕೊಂಡು ಕೂತಿದ್ದ. ಬಿಳಿ ಮಾಲಿನ ಕೆಲಸ ಮಾಡಿದ ದಿನವೆಲ್ಲ ತನಗೆ ಹೀಗೆಯೇ ಆಗುತ್ತದೆ, ಕಬ್ಬಿಣದ ಕೆಲಸದ ದಿನ ಆಗುವುದಿಲ್ಲ ಎಂದು ಅವನು ಗೊಣಗಿದ. ಅವನ ರಕ್ತವನ್ನೂ ನಾನು ಎರಡು ಸಲ ತೆಗೆದಿದ್ದೆ. ಎರಡರಲ್ಲೂ ಏನೂ ಇರಲಿಲ್ಲ. ನನ್ನ ಕಣ್ಣಿನ ಎದುರಿಗೆ, ಪೆಟ್ಟಿಗೆಯ ಬದಿಗೆ, ಅರ್ಧ ಹರಿದ ಒಂದು ಇಂಗ್ಲಿಷ್ ಚೀಟಿ ಅಂಟಿಸಿತ್ತು.

ಮೊದಲ ಸಲ ಸರಳುಗಳು ಆ ಪೆಟ್ಟಿಗೆಯ ಸಮೇತ ಬಂದಿದ್ದವು. ಯಾವುದೋ ದೊಡ್ಡ ಕಾರ್ಖಾನೆಯಿಂದ ಗುಜರಿಗೆ ಬಿದ್ದದ್ದು. ಮ್ಯಾಟ್ರಿಕ್ಕಿನ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲೆ ಫ್ಲೋರಿನ್ನಿನ ಗಂಟು ಹಾಕಿಕೊಂಡ, ಒಂದು ಉಸಿರಿಗೆ ಮುಗಿಯದ ಹೆಸರು. ಅದರ ಕೆಳಗೆ ನಿಯಮಗಳು. ಕೆಲಸದ ಜಾಗಕ್ಕೆ ತಂಬಾಕು ತರಬಾರದು. ಇದರ ಪುಡಿ ತಂಬಾಕಿಗೆ ತಾಗಬಾರದು. ಸೇದುವ ಮೊದಲು ಕೈ ತೊಳೆಯಬೇಕು. ಇದು ಅತಿಯಾಗಿ ಕಾದರೆ ಬರುವ ಹೊಗೆಯನ್ನು ಎಳೆದುಕೊಂಡವರಿಗೆ ಕೆಲವು ತಾಸಿನ ಮೇಲೆ ಚಳಿ, ಜ್ವರ, ಎದೆಬಿಗಿತ ಬರುತ್ತದೆ. ಒಂದೆರಡು ದಿನಗಳಲ್ಲಿ ತಾನೇ ಇಳಿಯುತ್ತದೆ.

ಅಷ್ಟೂ ತಿಂಗಳು ನಾನು ಆ ಚೀಟಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಗೆ ಆಗ ನಗು ಬರಲಿಲ್ಲ. ಮಿಸ್ತ್ರಿಗೆ ಓದಿ ಹೇಳಿದೆ. ಅವನು ಕಿಸೆಯಿಂದ ಬೀಡಿ ತೆಗೆದು, ಅದಕ್ಕೆ ಅಂಟಿದ್ದ ಬಿಳಿ ನಾರನ್ನು ನೋಡಿದ. "ನಾ ಬೀಡಿಗಿ ಹತ್ತಿದ್ದಷ್ಟ ಸೇದೀನ್ರಿ ಸಾಹೇಬ್ರ" ಎಂದ. ನಾರನ್ನು ಚಿವುಟಿ ಒಗೆದು, "ನಿಮ್ಮ ಅಪ್ಪಾರು ಇಡೀ ಹರಳನ್ನ ಸೇದ್ಯಾರ" ಎಂದ. ಹರಳು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು.

ಆಮೇಲೆ ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಅದನ್ನು ನೆನೆದರೆ ಈಗಲೂ ಆಕಳಿಕೆ ಬರುತ್ತದೆ. ನನ್ನ ಮೇಲಿನ ಇನ್‌ಸ್ಪೆಕ್ಟರರಿಗೆ ಎರಡು ಪುಟ ಬರೆದು ಕೊಟ್ಟೆ. ಅವರು ಒಳ್ಳೆಯವರೇ, ಪೂರ್ತಿ ಓದಿದರು. ನಮ್ಮ ಫಾರ್ಮಿನಲ್ಲಿ ಇದಕ್ಕೆ ಕಾಲಮ್ಮಿಲ್ಲವಲ್ಲ ಎಂದರು. ರಕ್ತದಲ್ಲಿ ಕಂಡರೆ ನಮ್ಮ ಜ್ವರ, ಕಾಣದಿದ್ದರೆ ನಮ್ಮದಲ್ಲ. ಕಾರ್ಖಾನೆಗಳನ್ನು ನೋಡುವ ಇಲಾಖೆಗೆ ಬರೆಯಿರಿ ಎಂದರು. ಬರೆದೆ. ಯಂತ್ರ ನಡೆಸುವ ಜಾಗದಲ್ಲಿ ಹತ್ತು ಜನರಾದರೂ ಕೆಲಸಕ್ಕಿದ್ದರೆ ಅದು ಕಾಯಿದೆಯ ಪ್ರಕಾರ ಕಾರ್ಖಾನೆ, ಮಿಸ್ತ್ರಿಯ ಅಂಗಡಿಯಲ್ಲಿ ಇಬ್ಬರಿದ್ದುದರಿಂದ ಅದು ಕಾರ್ಖಾನೆಯಲ್ಲ ಎಂದು ಉತ್ತರ ಬಂತು. ಚಿಲುಮಿಯಂತೂ ಯಾವ ಕಾಯಿದೆಯಲ್ಲೂ ಇರಲಿಲ್ಲ. ಯಾರೂ ತಪ್ಪು ಹೇಳಿರಲಿಲ್ಲ. ಮಾಲು ಹುಟ್ಟಿದ ಕಡೆ ಅದಕ್ಕೊಂದು ನಿಯಮವೂ ಹುಟ್ಟಿತ್ತು, ಅದನ್ನು ಅಚ್ಚು ಹಾಕಿ ಅಂಟಿಸಿಯೂ ಇದ್ದರು. ಗುಜರಿಯ ತಕ್ಕಡಿಗೆ ಬಿದ್ದ ಮೇಲೆ ಮಾಲು ಮುಂದೆ ನಡೆಯಿತು, ನಿಯಮ ಪೆಟ್ಟಿಗೆಯ ಜೊತೆ ಉಳಿಯಿತು.

ಕೊನೆಗೆ ನಾನೇ ಕಾಯಿದೆ ಮಾಡಿದೆ. ಗೋಡೆಗೆ ಚೌಕ ಬರೆಯುವ ಸರಕಾರಿ ಬಣ್ಣ, ಸರಕಾರಿ ಕುಂಚ ತೆಗೆದುಕೊಂಡು ಹೋಗಿ ಲೇತಿನ ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಬಿಳಿ ಮಾಲು ಕೊರೆಯುವಾಗ ಬೀಡಿ ಕಿಸೆಯಲ್ಲಿ ಇರಬಾರದು. ಕೈ ತೊಳೆಯದೆ ಸೇದಬಾರದು. ಸಿಪ್ಪೆ ಒಲೆಗೆ ಹಾಕಬಾರದು. ಕೆಳಗೆ ತಾರೀಖು ಹಾಕಿ ಸಹಿ ಮಾಡಿದೆ. ಮಿಸ್ತ್ರಿ ಅದನ್ನು ಪಾಲಿಸಿದ. ಅವನ ಜ್ವರ ಮತ್ತೆ ಬರಲಿಲ್ಲ.

ಅಪ್ಪನ ಹತ್ತಿರ ಹೋಗಲು ನನಗೆ ಮೂರು ದಿನ ಹಿಡಿಯಿತು. ಹೋಗುವ ದಾರಿಯಲ್ಲಿ ಹಳ್ಳಕ್ಕಿಳಿದು ಒಂದು ಹಿಡಿ ಹರಳು ಆರಿಸಿಕೊಂಡೆ. ಚಿಲುಮಿಯನ್ನು ಕೇಳಿ ತೆಗೆದುಕೊಂಡು, ಕಡ್ಡಿಯಿಂದ ಚುಚ್ಚಿ ಬಿಳಿ ಹರಳನ್ನು ಹೊರಗೆ ಹಾಕಿದೆ. ಹುಣಸೆಬೀಜದಷ್ಟೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ನಾನೇ ಕೊಟ್ಟದ್ದು, ಅದರ ಹೊಗೆಯಿಂದಲೇ ಜ್ವರ, ಗುಳಿಗೆ ಕೊಟ್ಟದ್ದೂ ತಪ್ಪೇ, ಹಿಂಡಿನ ಜೊತೆ ಹೋಗಬೇಡ ಎಂದದ್ದೂ ತಪ್ಪೇ ಎಂದು. ಹರಳು ತೆಗೆದು ಒಗೆದಿದ್ದರೆ ನೀನು ಈಗ ನಿಡಗುಂದಿಯ ಹೊಲದಲ್ಲಿರುತ್ತಿದ್ದೆ ಎಂದೆ. ಅವನು ಬೈಯಲಿ ಎಂದು ಕಾದೆ.

ಅಪ್ಪ ನಾನು ತಂದ ಹರಳುಗಳನ್ನು ಒಂದೊಂದಾಗಿ ಚಿಲುಮಿಗೆ ಹಾಕಿ ನೋಡಿದ. ದೊಡ್ಡದು, ಸಣ್ಣದು, ಮುಕ್ಕಾದದ್ದು ಎಂದು ಬದಿಗಿಟ್ಟ. ಒಂದೂ ಸರಿ ಹೋಗಲಿಲ್ಲ. ಅವನು ಆ ಕೆಲಸ ಮುಗಿಸಿಯೇ ಮಾತನಾಡಿದ.

"ಅದರ ಹೊಗಿ ಮೊದಲನೇ ದಿನಾನ ಗಂಟಲಾಗ ಕಚ್ಚಿತ್ತು ತಮ್ಮಾ. ಅವರಿಬ್ಬರೂ ಅಂದ್ರು, ತಗದು ಒಗಿ ಇದನ್ನ ಅಂತ."

ಮತ್ತೆ ಯಾಕೆ ಒಗೆಯಲಿಲ್ಲ ಎಂದೆ.

"ನೀ ನನಗ ತಂದು ಕೊಟ್ಟದ್ದು ಅದೊಂದ ಇತ್ತಲ್ಲೋ" ಎಂದ.

ನಾನು ಎದ್ದು ಹೊರಗೆ ಬಂದೆ. ಅವತ್ತು ನಮ್ಮೂರ ಸುತ್ತಿನ ದಿನವೂ ಆಗಿತ್ತು. ಗೋಡೆಯ ಚೌಕದಲ್ಲಿ ತಾರೀಖು ಹಾಕಬೇಕಿತ್ತು, ಹಾಕಿದೆ. ಅಪ್ಪನಿಗೆ ಆಮೇಲೆ ಆ ಜ್ವರ ಬರಲಿಲ್ಲ. ಎದೆಯ ಬಿಗಿತ ಮಾತ್ರ ಪೂರ್ತಿ ಇಳಿಯಲಿಲ್ಲ. ಡಾಕ್ಟರರು ವಯಸ್ಸು ಎಂದರು, ಇರಬಹುದು. ಮುಂದಿನ ದೀಪಾವಳಿಗೆ ಹಿಂಡು ಹೊರಟಾಗ ಅಣ್ಣ ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಅಪ್ಪನನ್ನೇ ಕೇಳಿದ. ಅಪ್ಪ ಮೊಳೆಯಿಂದ ಕೆರ ಇಳಿಸಿ, ಧೂಳು ಒರೆಸಿ, ಮೆಟ್ಟಿಕೊಂಡು ಹೊರಟ. ಹಳ್ಳದವರೆಗೂ ಆಗಲಿಲ್ಲ. ಅಗಸಿಯ ಕಲ್ಲಿನ ಮೇಲೆ ಉಸಿರು ತೆಗೆದುಕೊಳ್ಳುತ್ತ ಕೂತು, ಕುರಿಗಳೆಲ್ಲ ಎದುರಿನಿಂದ ಹಾದು ಹೋಗುವವರೆಗೂ ಎಣಿಸಿದ. ಆಮೇಲೆ ಕೆರ ಬಿಚ್ಚಿ ಅಣ್ಣನ ಕೈಗೆ ಕೊಟ್ಟ. ಹೊಸವು, ನಡೆಯುವವರಿಗೆ ಬೇಕಾಗುತ್ತವೆ ಎಂದ. ಬರಿಗಾಲಲ್ಲಿ ನನ್ನ ಹೆಗಲು ಹಿಡಿದುಕೊಂಡು ಮನೆಗೆ ಬಂದ.